ಬಿಡ್ತು ಅನ್ನು

ಅಜ್ಜಂಪುರ
೯ ಜೂನ್ ೨೦೨೪

ಮಗಳು ಕೋಮಲಾಳಿಗೆ ನಿನ್ನ ಅಪ್ಪಾಜಿಯ ಆಶೀರ್ವಾದ.

ಕ್ಷೇಮ ಎಂದು ಬರೆದು ಕಾಗದ ಶುರು ಮಾಡುವುದು ನಮ್ಮ ಕಾಲದ ರೂಢಿ. ಇವತ್ತು ಆ ಪದ ಬರೆಯಲು ಕೈ ಬರಲಿಲ್ಲ, ಬಿಟ್ಟಿದ್ದೇನೆ. ನಿನ್ನ ಕಾಲು ಹೇಗಿದೆ? ಸ್ಕೂಟರ್ ನಿಧಾನಕ್ಕೆ ಓಡಿಸು ಎಂದು ಹೇಳಿ ಹೇಳಿ ನನ್ನ ಬಾಯಿ ಸವೆದಿತ್ತು. ಈಗ ರಾಡ್ ಹಾಕಿಸಿಕೊಂಡು ಮಲಗಿದ್ದೀಯ. ಚೌಳಹಿರಿಯೂರಿನ ಮಕ್ಕಳಿಗೆ ಮೇಷ್ಟ್ರಮ್ಮ ಇಲ್ಲದೆ ಒಳ್ಳೇ ರಜೆ.

ಫೋನ್ ಎತ್ತುವುದಿಲ್ಲ ಎಂದು ಬೈಯಬೇಡ. ನನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಕಡೂರಿನಿಂದ ನೀನು ಕಿರುಚಬೇಕು, ಇಲ್ಲಿಂದ ನಾನು ಕಿರುಚಬೇಕು, ಪಕ್ಕದಲ್ಲಿ ಕೂತ ಓಂಕಾರಿಗೆ ಎಲ್ಲ ಕೇಳಬೇಕು. ನಿನ್ನ ತಮ್ಮನ ವಿಷಯವನ್ನು ಅವನ ಎದುರಿಗೇ ಕೂಗಾಡಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಕಾಗದ.

ಮೊನ್ನೆ ಅವನನ್ನು ಶಿವಮೊಗ್ಗದ ಡಾಕ್ಟರಮ್ಮನಿಗೆ ತೋರಿಸಿಕೊಂಡು ಬಂದೆ. ಹೋದ ವರ್ಷದ ಹಾರಾಟವೂ ಈ ವರ್ಷದ ಕುಸಿತವೂ ಒಂದೇ ಕಾಯಿಲೆಯ ಎರಡು ಮುಖವಂತೆ. ಹೋದ ವರ್ಷ ಅವನು ತಾಲ್ಲೂಕು ಪಂಚಾಯ್ತಿಗೆ ನಿಲ್ಲುತ್ತೇನೆ ಎಂದು ಶಿವನಿಯಿಂದ ತರೀಕೆರೆವರೆಗೆ ತನ್ನ ಮುಖದ ಫ್ಲೆಕ್ಸ್ ಕಟ್ಟಿಸಿದ್ದು ನೆನಪಿದೆಯಲ್ಲ. ಚುನಾವಣೆಯೇ ಇರಲಿಲ್ಲ. ನಿದ್ದೆ ಇಲ್ಲ, ಬಾಯಿಗೆ ಬಿಡುವಿಲ್ಲ, ಅಂಗಡಿಯ ಮಾಲನ್ನು ಕೇಳಿದವರಿಗೆಲ್ಲ ಹಂಚಿದ. ನಾನು ಹುಡುಗ ಚುರುಕಾದ ಎಂದು ಹಿಗ್ಗಿದೆ. ಭುವನಾ ಮಗುವನ್ನು ಕರೆದುಕೊಂಡು ತರೀಕೆರೆಯ ತವರಿಗೆ ಹೋದಾಗಲೂ ಸೊಸೆಯದೇ ತಪ್ಪು ಎಂದೆ. ಈಗ ಅದೇ ಮನುಷ್ಯನಿಗೆ ಸ್ನಾನ ಮಾಡುವುದು ಬೆಟ್ಟ ಹತ್ತಿದಷ್ಟು ಆಯಾಸ. ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾನೆ.

ಡಾಕ್ಟರಮ್ಮ ನನ್ನೊಬ್ಬನನ್ನೇ ಒಳಗೆ ಕರೆದು, ಮನೆ ಎಲ್ಲಿ, ಕಸುಬು ಏನು ಎಂದು ಕೇಳಿದರು. "ಕೆಳಗೆ ಅಂಗಡಿ, ಮ್ಯಾಲೆ ಮನೆ ಕಣಮ್ಮ. ಗೊಬ್ಬರ, ಬೀಜ, ಬೆಳೆಗೆ ಹೊಡಿಯೋ ಔಷ್ದಿ ಎಲ್ಲ ಇಟ್ಟಿದೀವಿ," ಎಂದೆ. ಅವರು ಪೆನ್ನು ಕೆಳಗಿಟ್ಟರು. ಆ ಔಷಧಿಗಳನ್ನು ಅವನ ಕಣ್ಣಿಗೂ ಕೈಗೂ ಸಿಗದ ಹಾಗೆ ಮಾಡಬೇಕಂತೆ. ಇನ್ನೊಂದು, ಸಾಯಬೇಕು ಅನ್ನಿಸುತ್ತದೆಯೇ ಎಂದು ನಾವೇ ಅವನನ್ನು ನೇರವಾಗಿ ಕೇಳುತ್ತಿರಬೇಕಂತೆ.

ಅದನ್ನು ಹೇಗೆ ಕೇಳಲಿ ಹೇಳು. ಮೇ ತಿಂಗಳಲ್ಲಿ ಒಂದು ದಿನ ಅವನೇ ನನ್ನ ಮಗ್ಗುಲಲ್ಲಿ ಬಂದು ಕೂತು, "ಅಪ್ಪಾಜಿ, ನಂಗೆ ಇದೆಲ್ಲ ಸಾಕಾಗೈತೆ, ಇರಬಾರ್ದು ಅನ್ಸುತ್ತೆ," ಎಂದ. "ಲೇ, ಬಿಡ್ತು ಅನ್ನು," ಎಂದು ಗದರಿದೆ. ಬಿಡ್ತು ಎಂದ. ಮೂರು ಸಲ ಅನ್ನಿಸಿದೆ. ಅಲ್ಲಿಂದ ಆ ಮಾತನ್ನೇ ಎತ್ತಿಲ್ಲ, ನಾನಾಗಿ ಯಾಕೆ ನೆನಪು ಮಾಡಲಿ?

ಕಾಲು ಜೋಪಾನ.
ನಿನ್ನ ಅಪ್ಪಾಜಿ
ತೀರ್ಥಪ್ಪ


ಕಡೂರು
೧೫ ಜೂನ್ ೨೦೨೪

ಅಪ್ಪಾಜಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಸಿಟ್ಟು ಬಂತು, ಆಮೇಲೆ ಅಳು ಬಂತು. ಅಮ್ಮ ಇದ್ದಾಗಲೂ ನಮ್ಮ ಮನೆಯಲ್ಲಿ ಇದೇ ಅಲ್ಲವೇ. ಯಾರಾದರೂ ಅಶುಭ ನುಡಿದರೆ ಬಿಡ್ತು ಅನ್ನು. ಅಂದರೆ ಮುಗಿಯಿತು, ಎದ್ದು ಊಟಕ್ಕೆ ನಡಿ. ಅವನು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ. ನೀವು ಅದನ್ನು ವಾಪಸ್ ನುಂಗಿಸಿದಿರಿ.

ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ. ಬೈಯುತ್ತಲೇ ಇದ್ದೇನೆ, ಆದರೆ ನಿಮ್ಮೊಬ್ಬರನ್ನಲ್ಲ. ಫ್ಲೆಕ್ಸ್ ಕಟ್ಟಿಸಿದಾಗ ಆ ಫೋಟೋವನ್ನು ಸ್ಟೇಟಸ್‌ಗೆ ಹಾಕಿಕೊಂಡವಳು ನಾನೇ.

ಮಲಗಿದ್ದಲ್ಲಿಂದಲೇ ಸರ್ಕಾರದ ಮಾನಸಿಕ ಸಹಾಯವಾಣಿಗೆ ಫೋನ್ ಮಾಡಿದ್ದೆ, ೧೪೪೧೬. ಯಾವ ಹೊತ್ತಿನಲ್ಲಾದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಹುಡುಗಿಯೂ ನಿಮ್ಮ ಡಾಕ್ಟರಮ್ಮ ಹೇಳಿದ್ದನ್ನೇ ಹೇಳಿದಳು. ಕೇಳಿದರೆ ಆ ಯೋಚನೆಯನ್ನು ತಲೆಗೆ ಹಾಕಿದ ಹಾಗಾಗುವುದಿಲ್ಲ. ಅದು ಮೊದಲೇ ಒಳಗಿರುತ್ತದೆ, ಕೇಳಿದರೆ ಹೊರಗೆ ಬರಲು ದಾರಿಯಾಗುತ್ತದೆ ಅಷ್ಟೇ. ಕೇಳಿ ಅಪ್ಪಾಜಿ. ಸುತ್ತಿ ಬಳಸಿ ಬೇಡ, ಸಾಯಬೇಕು ಅನ್ನಿಸುತ್ತದಾ ಎಂದೇ ಕೇಳಿ. ನಾನು ಫೋನ್ ಮಾಡಿದರೆ ಅವನು ಎತ್ತುತ್ತಿಲ್ಲ, ಇಲ್ಲದಿದ್ದರೆ ನಾನೇ ಕೇಳುತ್ತಿದ್ದೆ.

ಆ ಮಾಲನ್ನು ಮೊದಲು ಅಲ್ಲಿಂದ ತೆಗೆಸಿ.

ನಿಮ್ಮ
ಕೋಮಲಾ


ಅಜ್ಜಂಪುರ
೩೦ ಜೂನ್ ೨೦೨೪

ಮಗಳು ಕೋಮಲಾಳಿಗೆ,

ನಿನ್ನ ಮಾತು ನಡೆಸಿದ್ದೇನೆ. ಇನ್ನಾದರೂ ನೆಮ್ಮದಿಯಾಗಿ ಮಲಗು. ಬೆಳೆಗೆ ಹೊಡೆಯುವ ಔಷಧಿ ಅಷ್ಟನ್ನೂ ಪೆಟ್ಟಿಗೆ ಸಮೇತ ಸಂತೆ ಮೈದಾನದ ಹಿಂದಿನ ನಮ್ಮ ಈರುಳ್ಳಿ ಶೆಡ್ಡಿಗೆ ಸಾಗಿಸಿಯಾಯಿತು. ಬಾಗಿಲಿಗೆ ಹೊಸ ಬೀಗ. ಕೀಲಿಯನ್ನು ಶಿವದಾರಕ್ಕೇ ಕಟ್ಟಿಕೊಂಡಿದ್ದೇನೆ. ಪೂಜೆಗೆ ಕೂತಾಗ ಲಿಂಗದ ಕರಡಿಗೆಗೆ ಅದು ಟಣ್ ಎಂದು ಬಡಿಯುತ್ತದೆ. ಶಿವ ಕ್ಷಮಿಸುತ್ತಾನೆ.

ಪೂರ್ತಿ ಅಂಗಡಿ ಮುಚ್ಚಿಬಿಡಿ ಎಂದು ನೀನು ಮನಸ್ಸಿನಲ್ಲಿ ಅಂದುಕೊಂಡಿರುತ್ತೀಯ, ನನಗೆ ಗೊತ್ತು. ಈಗ ಈರುಳ್ಳಿಗೆ ಔಷಧಿ ಹೊಡೆಯುವ ಕಾಲ. ಈ ಹೊತ್ತಲ್ಲಿ ಬಾಗಿಲು ಹಾಕಿದರೆ ಊರೆಲ್ಲ ಏನಾಯ್ತು ಎಂದು ಕೇಳುತ್ತದೆ. ಗಿರಾಕಿ ಬಂದರೆ ಶೆಡ್ಡಿಗೆ ಹೋಗಿ ಬೇಕಾದಷ್ಟೇ ತಂದುಕೊಡುತ್ತೇನೆ.

ಒಂದು ಖುಷಿಯ ಸಂಗತಿ. ಈ ಕೆಲಸದಲ್ಲಿ ಓಂಕಾರಿ ತುಂಬ ಹುರುಪು ತೋರಿಸಿದ. ನನ್ನ ಸೊಂಟ ನಿನಗೆ ಗೊತ್ತೇ ಇದೆ, ಪೆಟ್ಟಿಗೆ ಎತ್ತಲಾಗುವುದಿಲ್ಲ. ಊರವರನ್ನು ಕರೆದರೆ ನೂರು ಪ್ರಶ್ನೆ. ಅದಕ್ಕೆ ಅವನನ್ನೇ ಕರೆದೆ. ಯಾವುದು ಎಲ್ಲಿದೆ ಎಂದು ಅವನಿಗೆ ಬಾಯಿಪಾಠ. ಅಷ್ಟೂ ಪೆಟ್ಟಿಗೆಗಳನ್ನು ತಾನೇ ಹೊತ್ತ, ಶೆಡ್ಡಿನಲ್ಲಿ ಸಾಲಾಗಿ ಜೋಡಿಸಿದ. ಎಷ್ಟೋ ದಿನದ ಮೇಲೆ ಮೈ ಬೆವರಿತು ಅವನಿಗೆ. ಅವತ್ತು ಎರಡು ರೊಟ್ಟಿ ತಿಂದ.

ಇಂತಿ
ತೀರ್ಥಪ್ಪ


ಕಡೂರು
೫ ಜುಲೈ ೨೦೨೪

ಅಪ್ಪಾಜಿ,

ಅವನ ಕೈಯಲ್ಲೇ ಹೊರಿಸಿದಿರಾ?

ಯಾರಿಂದ ಮುಚ್ಚಿಡಬೇಕೋ ಅವನ ತಲೆಯ ಮೇಲೇ ಹೊರಿಸಿ, ಅವನ ಕೈಯಲ್ಲೇ ಜೋಡಿಸಿ, ಅವನ ಎದುರಿಗೇ ಬೀಗ ಹಾಕಿದಿರಾ? ಎಂಥ ಮನುಷ್ಯರು ನೀವು. ಅದನ್ನೆಲ್ಲ ಯಾಕೆ ಸಾಗಿಸುತ್ತಿದ್ದೀರಿ ಎಂದು ಅವನಿಗೆ ತಿಳಿಯದೇ ಇರುತ್ತದೆಯೇ? ಒಂದೊಂದು ಪೆಟ್ಟಿಗೆ ಎತ್ತುವಾಗಲೂ ಅವನ ಮನಸ್ಸಿನಲ್ಲಿ ಏನು ಓಡಿತ್ತೋ.

ಇದನ್ನು ಬರೆದು ಅರ್ಧ ದಿನ ಹಾಗೇ ಇಟ್ಟಿದ್ದೆ. ಹರಿದು ಹಾಕೋಣ ಎಂದುಕೊಂಡೆ. ನಿಮ್ಮ ಸೊಂಟ ನಿಮಗೆ, ನನ್ನ ಕಾಲು ನನಗೆ. ಈ ಮನೆತನದಲ್ಲಿ ಅವನೊಬ್ಬನೇ ಗಟ್ಟಿಯಾಗಿರುವವನು ಎಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಭಾರ ಎತ್ತುವುದಕ್ಕೆಲ್ಲ ಅವನೇ.

ಭಾನುವಾರ ನಿಮ್ಮ ಅಳಿಯನನ್ನು ಕಳಿಸುತ್ತೇನೆ. ಬಸ್ ಡಿಪೋದಲ್ಲಿ ಒಂದು ದಿನ ರಜೆ ಕೇಳಿದ್ದಾರೆ. ಅವರ ಜೊತೆಗಾದರೂ ಬಾಯಿಬಿಟ್ಟು ಮಾತಾಡಿ. ಆ ಮಾಲನ್ನು ಕಂಪನಿಯವರಿಗೇ ವಾಪಸ್ ಕೊಟ್ಟುಬಿಡಿ.

ಕೋಮಲಾ


ಅಜ್ಜಂಪುರ
೧೧ ಆಗಸ್ಟ್ ೨೦೨೪

ಮಗಳು ಕೋಮಲಾಳಿಗೆ,

ನೀನು ಬೈದ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲು ಮುಖವಿರಲಿಲ್ಲ. ಅಳಿಯ ಮೃತ್ಯುಂಜಯ ಬಂದಿದ್ದ. ಪಾಪ, ಒಳ್ಳೆಯವನು. ನಾವು ಮೂವರೂ ಕೂತು ಟೀ ಕುಡಿದೆವು. ಹೇಗಿದ್ದೀಯಪ್ಪ ಎಂದು ಅವನು ಓಂಕಾರಿಯನ್ನು ಕೇಳಿದ, ಚೆನ್ನಾಗಿದೀನಿ ಭಾವ ಎಂದು ಇವನು ಹೇಳಿದ. ಮಳೆ ವಿಷಯ ಮಾತಾಡಿದೆವು. ಬಸ್ಸಿನ ಟೈಮಾಯಿತು. ಅಳಿಯನ ಎದುರು ಮನೆಯ ಹುಳುಕು ತೆಗೆಯಲು ನನ್ನಿಂದ ಆಗಲಿಲ್ಲ.

ಕಂಪನಿಯ ಹುಡುಗ ಮಾಲು ವಾಪಸ್ ತೆಗೆದುಕೊಳ್ಳಲು ದೀಪಾವಳಿ ಕಳೆಯಲಿ ಎನ್ನುತ್ತಾನೆ.

ಮಾತ್ರೆಯ ವಿಷಯ ಹೇಳಿಬಿಡುತ್ತೇನೆ, ಬೈದರೆ ಬೈ. ಡಾಕ್ಟರಮ್ಮ ಕೊಟ್ಟ ಮಾತ್ರೆಯಿಂದ ಓಂಕಾರಿಯ ಕೈ ನಡುಗುತ್ತಿತ್ತು. ಬೀಜ ತೂಗುವಾಗ ಅರ್ಧ ಚೆಲ್ಲುತ್ತಿದ್ದ. ಒಬ್ಬ ಗಿರಾಕಿ ನನ್ನ ಕಿವಿಯ ಹತ್ತಿರ ಬಂದು, "ಯಜಮಾನ್ರೇ, ಸಣ್ಣೋರು ಬೆಳಿಗ್ಗೆನೇ ಹಾಕ್ತಾರೇನ್ರಿ?" ಎಂದ. ನಮ್ಮ ಮನೆತನದಲ್ಲಿ ಯಾರೂ ಹೆಂಡ ಮೂಸಿದವರಲ್ಲ. ಮಠಕ್ಕೆ ಹೋದರೆ ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಆ ಮಾತು ತಡೆಯಲಾಗಲಿಲ್ಲ ಕಣವ್ವ. ಅವತ್ತಿನಿಂದ ಎರಡರ ಜಾಗದಲ್ಲಿ ಒಂದೇ ಮಾತ್ರೆ ಕೊಡುತ್ತಿದ್ದೇನೆ. ನಡುಕ ನಿಂತಿದೆ. ರಕ್ತ ಪರೀಕ್ಷೆಗೆ ಜುಲೈನಲ್ಲಿ ಹೋಗಬೇಕಿತ್ತು, ಹೋಗಿಲ್ಲ.

ನೇರವಾಗಿ ಕೇಳಿ ಎಂದು ಬರೆದಿದ್ದೆಯಲ್ಲ. ಪಂಚಮಿಯ ದಿನ ಗಟ್ಟಿ ಮನಸ್ಸು ಮಾಡಿ ಅವನ ಕೋಣೆಗೆ ಹೋದೆ. ಗೋಡೆ ನೋಡಿಕೊಂಡು ಮಲಗಿದ್ದ. ಓಂಕಾರಿ ಎಂದೆ. ಏನ್ ಅಪ್ಪಾಜಿ ಎಂದ. ನನ್ನ ಬಾಯಿಂದ ಹೊರಟಿದ್ದು, "ತಂಬಿಟ್ಟು ತಿಂತೀಯೇನೋ?" ಬೇಡ ಎಂದ. ವಾಪಸ್ ಬಂದು ಅಡಿಗೆಮನೆಯಲ್ಲಿ ನಿಂತೆ. ನಿನ್ನ ಅಮ್ಮ ಇದ್ದಿದ್ದರೆ ಕೇಳುತ್ತಿದ್ದಳೋ ಏನೋ. ಹೆತ್ತ ಮಗನನ್ನು ಸಾಯುತ್ತೀಯಾ ಎಂದು ಕೇಳುವ ಶಬ್ದವನ್ನು ನನಗೆ ಯಾರೂ ಕಲಿಸಿಲ್ಲ.

ಇಂತಿ
ತೀರ್ಥಪ್ಪ


ಕಡೂರು
೧೭ ಆಗಸ್ಟ್ ೨೦೨೪

ಅಪ್ಪಾಜಿಗೆ,

ಮಾತ್ರೆಯನ್ನು ನಾವು ಅರ್ಧ ಮಾಡುವ ಹಾಗಿಲ್ಲ. ಡಾಕ್ಟರಮ್ಮನಿಗೆ ಫೋನ್ ಮಾಡಿಸಿದೆ. ನಡುಕಕ್ಕೆ ಬೇರೆ ದಾರಿ ಇದೆಯಂತೆ, ರಕ್ತ ನೋಡಿ ಅವರೇ ಹೆಚ್ಚು ಕಡಿಮೆ ಮಾಡುತ್ತಾರಂತೆ. ತಾವಾಗಿ ಕಡಿಮೆ ಮಾಡಿದರೆ ಕಾಯಿಲೆ ಮೊದಲಿಗಿಂತ ಜೋರಾಗಿ ತಿರುಗಿಬೀಳಬಹುದಂತೆ. ನೀವಾಗಿ ಏರಿಸಲೂ ಬೇಡಿ, ಈ ವಾರವೇ ಕರೆದುಕೊಂಡು ಬನ್ನಿ ಎಂದಿದ್ದಾರೆ. ಬಿ.ಪಿ. ಮಾತ್ರೆಯನ್ನು ನೀವು ಒಂದು ದಿನ ತಪ್ಪಿಸುತ್ತೀರಾ? ಇದೂ ಹಾಗೆಯೇ. ಅವನ ಸೋಮಾರಿತನ ಅಲ್ಲ, ಗ್ರಹಚಾರ ಅಲ್ಲ, ಮೈಯೊಳಗಿನ ಕಾಯಿಲೆ.

ಕುಡುಕ ಎಂದರೆ ಎನ್ನಲಿ. ಕುಡುಕ ಅನ್ನಿಸಿಕೊಂಡು ಬದುಕಿರಲಿ.

ನನ್ನ ಮೂಳೆ ಸರಿಯಾಗಿ ಕೂಡಿಲ್ಲವಂತೆ, ಸೋಮವಾರ ಇನ್ನೊಂದು ಆಪರೇಷನ್. ಆಮೇಲೆ ಒಂದೂವರೆ ತಿಂಗಳು ಕಾಲು ಊರುವಂತಿಲ್ಲ. ಕಿಟಕಿಯಿಂದ ಬೀರೂರಿನ ಕಡೆ ಹೋಗುವ ಬಸ್ಸುಗಳು ಕಾಣುತ್ತವೆ. ಎಣಿಸುತ್ತಾ ಮಲಗಿರುತ್ತೇನೆ.

ಕೋಮಲಾ


ಅಜ್ಜಂಪುರ
೧೬ ಸೆಪ್ಟೆಂಬರ್ ೨೦೨೪

ಮಗಳು ಕೋಮಲಾಳಿಗೆ ಆಶೀರ್ವಾದ.

ಈ ಕಾಗದವನ್ನು ಸಂತೋಷದಿಂದ ಬರೆಯುತ್ತಿದ್ದೇನೆ. ನಿನ್ನ ತಮ್ಮ ಹುಷಾರಾದ.

ಶಿವಮೊಗ್ಗಕ್ಕೆ ಹೋಗಲಾಗಲಿಲ್ಲ, ಈ ವಾರ ಆ ವಾರ ಎಂದು ಮುಂದೆ ಹೋಯಿತು, ಅವನೂ ಬೇಡ ಎಂದ. ಆದರೆ ಈಗ ಹೋಗುವ ಅಗತ್ಯವೇ ಇಲ್ಲ ಎನ್ನಿಸುತ್ತದೆ. ಶನಿವಾರ ಬೆಳಿಗ್ಗೆ ಎದ್ದವನೇ ಗಡ್ಡ ತೆಗೆದ, ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದ, ಲಿಂಗಪೂಜೆ ಮಾಡಿದ. ಹೋದ ವರ್ಷದ ಹಾಗೆ ಹಾರಾಟವಿಲ್ಲ, ಕೂಗಾಟವಿಲ್ಲ. ತಣ್ಣಗೆ ಇದ್ದಾನೆ. ಮೋಟಾರಿನ ಕಾಗದ, ಜಮೀನಿನ ಪಹಣಿ ಎಲ್ಲ ಎಲ್ಲೆಲ್ಲಿವೆ ಎಂದು ನನಗೆ ಕೂರಿಸಿಕೊಂಡು ತೋರಿಸಿದ. ತನ್ನ ವಾಚನ್ನು ಮಗನಿಗೆ ಕೊಟ್ಟು ಬರುತ್ತೇನೆ ಎಂದು ನಿನ್ನೆ ತರೀಕೆರೆಗೆ ಹೋಗಿ ಬಂದ. ಆರು ವರ್ಷದ ಮಗುವಿನ ಕೈಗೆ ಅದು ಬಳೆಯ ಹಾಗೆ ಜಾರುತ್ತಿತ್ತಂತೆ, ನಕ್ಕ.

ನನ್ನ ಕಾಲು ಒತ್ತುತ್ತಾ, "ಅಪ್ಪಾಜಿ, ನಿಮಗೆ ಬಾಳ ತೊಂದ್ರೆ ಕೊಟ್ಬಿಟ್ಟೆ, ಮನಸ್ಸಲ್ಲಿ ಇಟ್ಕೋಬ್ಯಾಡಿ," ಎಂದ. "ಏನಪ್ಪಾ ನೀನು, ಮಗ ಅಲ್ವೇನೋ," ಎಂದೆ. ಕಣ್ಣು ತುಂಬಿ ಬಂತು. ನಾನು ಆ ಕೆಟ್ಟ ಮಾತು ಕೇಳದೆ ಇದ್ದದ್ದೇ ಒಳ್ಳೆಯದಾಯಿತು ಕಣವ್ವ.

ಇಂತಿ
ತೀರ್ಥಪ್ಪ


ಕಡೂರು
೧೯ ಸೆಪ್ಟೆಂಬರ್ ೨೦೨೪, ಮಧ್ಯಾಹ್ನ

ಅಪ್ಪಾಜಿ,

ಸೋಮವಾರ ಬರೆದ ನಿಮ್ಮ ಕಾಗದ ಈಗ ಹನ್ನೊಂದು ಗಂಟೆಗೆ ಬಂತು. ಮೂರು ದಿನ. ಈ ಮೂರು ದಿನದಲ್ಲಿ ಏನಾಗಿದೆಯೋ ನನಗೆ ಗೊತ್ತಿಲ್ಲ.

ಅದು ಹುಷಾರಾದ ಲಕ್ಷಣ ಅಲ್ಲ. ಅಷ್ಟು ದಿನ ನೆಲ ಹಿಡಿದವನು ಇದ್ದಕ್ಕಿದ್ದ ಹಾಗೆ ತಣ್ಣಗಾಗಿ, ಕಾಗದಪತ್ರ ಒಪ್ಪಿಸಿ, ವಾಚು ಕೊಟ್ಟು, ಕ್ಷಮೆ ಕೇಳುತ್ತಾನೆ ಎಂದರೆ ಅವನು ಎಲ್ಲವನ್ನೂ ತೀರ್ಮಾನ ಮಾಡಿರಬಹುದು. ಸಹಾಯವಾಣಿಯ ಹುಡುಗಿ ಇದನ್ನು ನನಗೆ ಜೂನ್‌ನಲ್ಲೇ ಹೇಳಿದ್ದಳು. ನಾನು ನಿಮಗೆ ಬರೆಯಲಿಲ್ಲ. ಹೆದರಿಸುವುದು ಬೇಡ ಎಂದು ಬಿಟ್ಟೆ. ನಾನೂ ನಿಮ್ಮ ಮಗಳೇ.

ಓಂಕಾರಿ ಫೋನ್ ಎತ್ತಲಿಲ್ಲ. ನೀವು ಎತ್ತಿದಿರಿ, ಕೇಳಿಸುತ್ತಿಲ್ಲ ಕೇಳಿಸುತ್ತಿಲ್ಲ ಎಂದು ಇಟ್ಟುಬಿಟ್ಟಿರಿ. ನಿಮ್ಮ ಅಳಿಯ ಮಂಗಳೂರಿನ ಡ್ಯೂಟಿಯಲ್ಲಿದ್ದಾರೆ. ಕೊನೆಗೆ ನಿಮ್ಮ ಎದುರು ಅಂಗಡಿಯ ಟೈಲರ್ ಗಂಗಾಧರಯ್ಯನವರಿಗೆ ಮಾಡಿದೆ. ಏನೆಂದು ಹೇಳಲಿ ಅವರಿಗೆ? ಅಪ್ಪಾಜಿಗೆ ಹೇಳಿ, ಕೋಮಲಾ ಕೇಳಿ ಅಂದಳು, ಈಗಿಂದೀಗಲೇ ಕೇಳಿ ಅಂದಳು ಎಂದೆ. ಏನು ಕೇಳಬೇಕಮ್ಮ ಎಂದರು. ಅವರಿಗೆ ಗೊತ್ತಿದೆ ಎಂದೆ.

ಅರ್ಧ ಗಂಟೆಯಾಯಿತು. ಅವರು ವಾಪಸ್ ಫೋನ್ ಮಾಡಿಲ್ಲ, ನಾನು ಮಾಡಿದರೂ ಎತ್ತುತ್ತಿಲ್ಲ. ಈ ಕಾಗದ ನಿಮಗೆ ತಲುಪುವುದು ಯಾವಾಗಲೋ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಕೋಮಲಾ


ಶಿವಮೊಗ್ಗ
೨೯ ಸೆಪ್ಟೆಂಬರ್ ೨೦೨೪

ಮಗಳು ಕೋಮಲಾಳಿಗೆ,

ಓಂಕಾರಿ ಬದುಕಿದ್ದಾನೆ ಎಂದು ಭುವನಾ ಅವತ್ತೇ ನಿನಗೆ ಫೋನಿನಲ್ಲಿ ಹೇಳಿದ್ದಾಳೆ. ಉಳಿದದ್ದನ್ನು ನಾನೇ ಬರೆಯುತ್ತೇನೆ ಎಂದು ಅವಳಿಗೆ ಹೇಳಿದ್ದೆ. ಹತ್ತು ದಿನ ಬೇಕಾಯಿತು.

ಗಂಗಾಧರಯ್ಯ ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡೇ ಓಡಿ ಬಂದ. ನನ್ನ ಬಲಗಿವಿಗೆ ಬಾಯಿಟ್ಟು, "ಕೋಮಲಮ್ಮ ಕೇಳ್ಬೇಕಂತೆ ಕಣ್ರೀ, ಈಗಲೇ ಕೇಳ್ಬೇಕಂತೆ," ಎಂದು ಕೂಗಿದ. ಬೀದಿಗೆಲ್ಲ ಕೇಳಿರಬೇಕು. ಓಂಕಾರಿ ಮೇಲೆ ಇದ್ದ. ಮೆಟ್ಟಿಲು ಹತ್ತುವಾಗ ಇವತ್ತೂ ನನ್ನ ಬಾಯಿಗೆ ತಂಬಿಟ್ಟೋ ಟೀಯೋ ಬಂದುಬಿಡುತ್ತದೆ ಎಂದು ಹೆದರಿದ್ದೆ.

ಅವನು ಬಟ್ಟೆ ಮಡಿಸಿ ಇಡುತ್ತಿದ್ದ. ಹೊಸಿಲಲ್ಲೇ ನಿಂತು ಕೇಳಿದೆ. "ಓಂಕಾರಿ, ಸಾಯ್ಬೇಕು ಅನ್ಸುತ್ತೇನೋ ನಿಂಗೆ?"

ಮಡಿಸುವುದನ್ನು ನಿಲ್ಲಿಸಿದ. ಹೂಂ ಎಂದ. ನನಗೆ ಕೇಳಿಸಲಿಲ್ಲ, ತುಟಿ ಕಂಡಿತು. ಹತ್ತಿರ ಹೋಗಿ ಇನ್ನೊಂದು ಸಲ ಕೇಳಿದೆ. ನನ್ನ ಕಿವಿಗೆ ಬಾಯಿಟ್ಟು ಹೇಳಿದ. "ದಿನಾ ಅನ್ಸುತ್ತೆ ಅಪ್ಪಾಜಿ. ಇವತ್ತು ಸಂಜೆ ಅಂದ್ಕೊಂಡಿದ್ದೆ. ಮೇ ತಿಂಗ್ಳಲ್ಲಿ ಹೇಳಕ್ಕೆ ಬಂದಿದ್ದೆ, ಬಿಡ್ತು ಅನ್ನಿಸಿದ್ರಿ."

ಆಮೇಲೆ ಎದ್ದು ಹೋಗಿ, ಪೆಟ್ಟಿಗೆ ಹೊತ್ತ ದಿನವೇ ತನಗೆಂದು ತೆಗೆದಿಟ್ಟುಕೊಂಡಿದ್ದನ್ನು ತಂದು ನನ್ನ ಕೈಗೆ ಕೊಟ್ಟ. ಮೂರು ತಿಂಗಳು ನಾನು ಬೀಗದ ಕೀಲಿ ಎದೆಗೆ ಕಟ್ಟಿಕೊಂಡು ತಿರುಗಿದೆ. ಅದು ಇಷ್ಟು ದಿನ ನನ್ನ ತಲೆಯ ಮೇಲಿನ ಕೋಣೆಯಲ್ಲೇ ಇತ್ತು. ನೀನು ಬೈದಿದ್ದೆಲ್ಲ ಸರಿ ಕಣವ್ವ. ನಾನು ಮಗನನ್ನು ಹಿಡಿದುಕೊಂಡು ಅತ್ತೆ. ಅವನು ಅಳಲಿಲ್ಲ. ನನ್ನ ಬೆನ್ನು ಸವರುತ್ತಾ ನಿಂತಿದ್ದ.

ಗಂಗಾಧರಯ್ಯ ಕೆಳಗೆ ಕಾಯುತ್ತಾ ನಿಂತಿದ್ದ. ಅವನಿಗೆ ಎಲ್ಲ ಹೇಳಿದೆ, ಮರ್ಯಾದೆ ಗಿರ್ಯಾದೆ ಏನೂ ಇಡಲಿಲ್ಲ. ಅವನು ತನ್ನ ಹೊಲಿಗೆ ಬಿಟ್ಟು ನಮ್ಮ ಜೊತೆ ಬಸ್ ಹತ್ತಿದ. ಓಂಕಾರಿಯನ್ನು ನಡುವೆ ಕೂರಿಸಿಕೊಂಡು ಬಂದೆವು. ಗಂಗಾಧರಯ್ಯ ಸುದ್ದಿ ಮುಟ್ಟಿಸಿದ್ದಕ್ಕೆ ತರೀಕೆರೆಯಲ್ಲಿ ಭುವನಾ ಹತ್ತಿದಳು. ಏನೂ ಕೇಳದೆ ಅವನ ಮಗ್ಗುಲಲ್ಲಿ ಕೂತಳು. ಅವಳಿಗೆ ನಾನು ಎಷ್ಟು ಅನ್ಯಾಯದ ಮಾತಾಡಿದ್ದೆ.

ಡಾಕ್ಟರಮ್ಮ ಅವತ್ತೇ ಅಡ್ಮಿಟ್ ಮಾಡಿಕೊಂಡರು. ಮಾತ್ರೆ ಬದಲಾಗಿದೆ, ಕೆಲಸ ಮಾಡಲು ಇನ್ನೂ ವಾರಗಳು ಬೇಕಂತೆ, ವರ್ಷಗಟ್ಟಲೆ ಬಿಡುವಂತಿಲ್ಲವಂತೆ. ಪೂರ್ತಿ ಗುಣವಾಗುತ್ತಾನಾ ಎಂದು ಕೇಳಿದೆ. ಚೆನ್ನಾಗಿ ಬದುಕಬಹುದು, ಮತ್ತೆ ಬರಲೂಬಹುದು, ಕಾಯುತ್ತಿರಬೇಕು ಎಂದರು. ಶೆಡ್ಡಿನ ಮಾಲನ್ನು ಕಂಪನಿಯವರು ದೀಪಾವಳಿಗೆ ಕಾಯದೆ ತುಂಬಿಕೊಂಡು ಹೋದರು, ಗಂಗಾಧರಯ್ಯ ನಿಂತು ನೋಡಿಕೊಂಡ. ಆದರೆ ಅವನೊಳಗೆ ಇರುವುದನ್ನು ಯಾವ ಲಾರಿಗೆ ತುಂಬಿಸಲಿ? ನನಗೆ ಏನೂ ತಿಳಿಯುವುದಿಲ್ಲ ಕೋಮಲಾ. ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಿರುತ್ತೇನೆ, ಅವನು ನಿದ್ದೆ ಮಾಡಿದರೆ ಉಸಿರಾಡುತ್ತಿದ್ದಾನಾ ಎಂದು ಎದೆ ನೋಡುತ್ತೇನೆ.

ಈಗ ದಿನಾ ಬೆಳಿಗ್ಗೆ ಕೇಳುತ್ತೇನೆ. ಮುಖ ತೊಳೆದು ಬಂದ ಕೂಡಲೇ, ಕಾಫಿಗೆ ಮೊದಲು. ನಾಚಿಕೆ ಹೋಗಿದೆ. ವಾರ್ಡಿನವರೆಲ್ಲ ಕೇಳಿಸಿಕೊಳ್ಳುತ್ತಾರೆ, ಕೇಳಿಸಿಕೊಳ್ಳಲಿ. ನಿನ್ನೆವರೆಗೂ ಹೂಂ ಎಂದೇ ಹೇಳಿದ. ಇವತ್ತು ಕಾಫಿ ಲೋಟಕ್ಕೆ ಕೈ ಚಾಚುತ್ತಾ, "ಇವತ್ತಿಗೆ ಇಲ್ಲ ಅಪ್ಪಾಜಿ. ನಾಳೆ ಕೇಳಿ," ಎಂದ.

ನನಗೆ ಎಪ್ಪತ್ತಮೂರು. ಅವನ ನಾಳೆಗಳಷ್ಟು ದಿನ ನಾನು ಇರುವುದಿಲ್ಲ. ನಿನಗೆ ಕಾಲು ಊರಲು ಬಂದ ಕೂಡಲೇ ಬಾ. ಒಂದು ದಿನ ನೀನು ಕೇಳು, ನಾನು ಹೊರಗೆ ನಿಂತಿರುತ್ತೇನೆ.

ನಿನ್ನ ಅಪ್ಪಾಜಿ
ತೀರ್ಥಪ್ಪ